ಕುಣಿಯೋ ರಾತ್ರಿಗೆ ಯಾವ ಗ್ಲಾಸು?

ದಾವಣಗೆರೆಯಲ್ಲಿ ಬಾರ್‌ಗಳಿಗೆ ಬರವಿಲ್ಲ, ಕುಣಿಯುವ ಜಾಗಕ್ಕೆ ಬರ. ಹೊಸ ವರ್ಷದ ರಾತ್ರಿಗೋ, ಯಾರದಾದರೂ ಮದುವೆಯ ಹಿಂದಿನ ದಿನಕ್ಕೋ ಹೋಟೆಲಿನ ಮಾಳಿಗೆ ಮೇಲೆ ಡಿಜೆ ಕೂರುತ್ತಾನೆ. ಅದು ಬಿಟ್ಟರೆ ಜನ 260 ಕಿ.ಮೀ. ದೂರದ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಕೌಂಟರ್ ಮುಂದೆ ನಿಂತಾಗ ನಮ್ಮ ಕಡೆಯವರಿಗೆ ತೊಡಕು ಶುರು. ವಿಸ್ಕಿ-ನೀರು, ರಮ್-ಕೋಲಾ, ಬೀರು ಗೊತ್ತು. ಆದರೆ ಮೆನು ತುಂಬ ಬೇರೆ ಹೆಸರುಗಳು, ಹಿಂದೆ ನಿಂತವರು ತಳ್ಳುತ್ತಿದ್ದಾರೆ, ಹಾಡಿನ ಅಬ್ಬರಕ್ಕೆ ಒಂದು ಮಾತೂ ಕೇಳಿಸದು. ಕೊನೆಗೆ ಪಕ್ಕದವನ ಕೈಯಲ್ಲಿರುವುದನ್ನೇ ತೋರಿಸಿ ‘ಅದೇ ಕೊಡಿ’ ಅನ್ನುವುದು. ಬಹಳ ಸಲ ಅದು ಲಾಂಗ್ ಐಲ್ಯಾಂಡ್ ಐಸ್ಡ್ ಟೀ (ಹೆಸರಿಗೆ ಟೀ, ಅಸಲಿಗೆ ಐದು ಮದ್ಯ ಬೆರೆಸಿದ ಕಾಕ್‌ಟೇಲ್) ಆಗಿರುತ್ತದೆ, ಹತ್ತೂವರೆಗೆಲ್ಲ ರಾತ್ರಿ ಮುಗಿದಿರುತ್ತದೆ.

ಕುಣಿಯಲು ಹೋಗುವ ರಾತ್ರಿ ಕಾಕ್‌ಟೇಲ್ ಆರಿಸುವಾಗ ಮೊದಲು ನೋಡಬೇಕಾದ್ದು ಅದರಲ್ಲಿ ಎಷ್ಟು ಪೆಗ್ ಇದೆ ಅನ್ನುವುದನ್ನು. ಎರಡನೆಯದು ಗ್ಲಾಸಿನ ಆಕಾರ. ರುಚಿಗೆ ಮೂರನೇ ಜಾಗ. ಕೂತು ಕುಡಿಯುವ ಸಂಜೆಗೆ ಈ ಕ್ರಮ ಬೇಕಿಲ್ಲ, ಕುಣಿತಕ್ಕೆ ಬೇಕೇ ಬೇಕು.

ಮೊದಲು ಪೆಗ್ಗಿನ ಲೆಕ್ಕ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಜಿನ್, ವೋಡ್ಕಾ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಆಲ್ಕೋಹಾಲ್ ಶೇ. 42.8 ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ 30 ಮಿ.ಲೀ.ನ ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಲಾರ್ಜ್‌ನಲ್ಲಿ (60 ಮಿ.ಲೀ.) 20 ಗ್ರಾಂ, ನೈಂಟಿಯಲ್ಲಿ (90 ಮಿ.ಲೀ.) 30, ಕ್ವಾರ್ಟರ್‌ನಲ್ಲಿ (180 ಮಿ.ಲೀ.) 60. ಶೇ. 8ರ ಸ್ಟ್ರಾಂಗ್ ಬೀರಿನ 650 ಮಿ.ಲೀ. ಬಾಟಲಿಯಲ್ಲಿ 40 ಗ್ರಾಂ, ಅಂದರೆ ನಾಲ್ಕು ಸ್ಮಾಲ್. ‘ನಂದು ಬರೀ ಬೀರು’ ಅನ್ನುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಒಂದು ಸ್ಮಾಲ್ ಪೆಗ್ಗನ್ನು ಕರಗಿಸಲು ಲಿವರ್‌ಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಬೇಕು. ಕುಣಿದರೆ, ಬೆವರಿದರೆ, ತಣ್ಣೀರು ಮುಖಕ್ಕೆ ಹಾಕಿಕೊಂಡರೆ ಈ ವೇಗ ಹೆಚ್ಚಾಗುವುದಿಲ್ಲ. ಬೆವರಿನಲ್ಲಿ ಹೊರಹೋಗುವುದು ನೀರು ಮತ್ತು ಉಪ್ಪು. ಆಲ್ಕೋಹಾಲ್ ಹಾಗೆ ಹೋಗುವುದು ಲೆಕ್ಕಕ್ಕೆ ಬಾರದಷ್ಟು.

ಈ ಅಳತೆ ಹಿಡಿದುಕೊಂಡು ಮೆನು ನೋಡಿ. ಲಾಂಗ್ ಐಲ್ಯಾಂಡ್‌ನಲ್ಲಿ ವೋಡ್ಕಾ, ಜಿನ್, ಬಿಳಿ ರಮ್, ಟಕೀಲಾ, ಕಿತ್ತಳೆ ಲಿಕ್ಯೂರ್ (ಕಿತ್ತಳೆ ರುಚಿಯ ಸಿಹಿ ಮದ್ಯ) ಐದೂ 15 ಮಿ.ಲೀ.ನಂತೆ ಒಟ್ಟು 75 ಮಿ.ಲೀ. ಮೇಲೆ ನಿಂಬೆರಸ 30, ಸಕ್ಕರೆ ಪಾಕ 20, ಉಳಿದಷ್ಟು ಜಾಗಕ್ಕೆ ಕೋಲಾ. ಒಂದೇ ಗ್ಲಾಸಿನಲ್ಲಿ ಎರಡೂವರೆ ಸ್ಮಾಲ್. ಹುಳಿ, ಸಿಹಿ, ಕೋಲಾ ಮೂರೂ ಸೇರಿ ಮದ್ಯದ ಘಾಟನ್ನು ಪೂರ್ತಿ ಮುಚ್ಚಿಬಿಡುತ್ತವೆ. ಕುಣಿದು ಬಾಯಾರಿದವನು ಇದನ್ನು ಹತ್ತು ನಿಮಿಷದಲ್ಲಿ ಖಾಲಿ ಮಾಡುತ್ತಾನೆ, ಏನೂ ಏರಿಲ್ಲ ಅಂದುಕೊಂಡು ಇನ್ನೊಂದು ಹೇಳುತ್ತಾನೆ. ಕುಡಿದದ್ದು ರಕ್ತಕ್ಕೆ ಪೂರ್ತಿ ಸೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮೊದಲನೆಯದು ತಲೆಗೇರುವ ಹೊತ್ತಿಗೆ ಎರಡನೆಯದೂ ಹೊಟ್ಟೆಯಲ್ಲಿರುತ್ತದೆ: ಐದು ಸ್ಮಾಲ್, ಅರ್ಧ ಗಂಟೆಯಲ್ಲಿ. ಬೇರೆ ಬೇರೆ ಮದ್ಯ ಬೆರೆಸಿದ್ದಕ್ಕೆ ಹೀಗಾಯಿತು ಅನ್ನುವ ಮಾತು ಚಾಲ್ತಿಯಲ್ಲಿದೆ. ಬೆರಕೆಯ ತಪ್ಪು ಏನೂ ಇಲ್ಲ, ಒಟ್ಟು ಪ್ರಮಾಣವೇ ಹೆಚ್ಚು.

ಇನ್ನು ಗ್ಲಾಸು. ಅಗಲ ಬಾಯಿಯ, ಉದ್ದ ಕಡ್ಡಿಯ ಮಾರ್ಟಿನಿ ಗ್ಲಾಸ್ ಹಿಡಿದು ಜನರ ಮಧ್ಯೆ ಹತ್ತು ಹೆಜ್ಜೆ ಇಟ್ಟರೆ ಅರ್ಧ ಪಕ್ಕದವರ ಬಟ್ಟೆ ಮೇಲೆ. ಅದರಲ್ಲಿ ಐಸ್ ಇರುವುದಿಲ್ಲ, ಹತ್ತು ನಿಮಿಷಕ್ಕೆ ಬೆಚ್ಚಗಾಗುತ್ತದೆ. ಹಾಗಾಗಿ ಬೇಗ ಬೇಗ ಗುಟುಕರಿಸಬೇಕಾಗುತ್ತದೆ, ಅದೇ ತೊಂದರೆ. ಮಾರ್ಗರೀಟಾ, ಕಾಸ್ಮೊಪಾಲಿಟನ್, ಎಸ್ಪ್ರೆಸೊ ಮಾರ್ಟಿನಿ ಎಲ್ಲ ಈ ಜಾತಿಯವು. ಅವನ್ನು ಕೂತು ಕುಡಿಯಿರಿ. ಕುಣಿಯುವಾಗ ಕೈಯಲ್ಲಿ ಇರಬೇಕಾದ್ದು ನೆಟ್ಟಗಿನ ಉದ್ದ ಗ್ಲಾಸು, ಕಂಠದವರೆಗೆ ಐಸು, ಸೋಡಾ ಅಥವಾ ಟಾನಿಕ್ ಎಂಬ ಕಹಿ ಸೋಡಾ. ಇದಕ್ಕೆ ಬಾರ್‌ನಲ್ಲಿ ಹೈಬಾಲ್ ಅನ್ನುತ್ತಾರೆ. ತುಳುಕದಂತೆ ಗ್ಲಾಸಿನ ಮೇಲ್ಭಾಗ ಸ್ವಲ್ಪ ಖಾಲಿ ಇಟ್ಟುಕೊಂಡೇ ಫ್ಲೋರ್‌ಗೆ ಇಳಿಯುವುದು ಇನ್ನೂ ಒಳ್ಳೆಯದು.

ಐಸ್ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಐಸ್ ಕಡಿಮೆ ಹಾಕಿ, ಮೋಸ ಮಾಡಬೇಡಿ’ ಅನ್ನುತ್ತಾರೆ. ಪೆಗ್ ಅಳತೆ ಮಾಡಿಯೇ ಹಾಕುವುದರಿಂದ ಐಸ್ ಕಡಿಮೆಯಾದರೆ ಮದ್ಯ ಹೆಚ್ಚಾಗುವುದಿಲ್ಲ, ಸೋಡಾ ಹೆಚ್ಚಾಗುತ್ತದೆ ಅಷ್ಟೆ. ಎರಡು ಮೂರು ಚೂರು ಐಸ್ ಬೆಚ್ಚಗಿನ ಸೋಡಾದಲ್ಲಿ ಐದು ನಿಮಿಷಕ್ಕೆ ಕರಗಿ ಗ್ಲಾಸು ನೀರುನೀರಾಗುತ್ತದೆ. ಗ್ಲಾಸು ತುಂಬ ಐಸ್ ಇದ್ದರೆ ಅವು ಒಂದನ್ನೊಂದು ತಣ್ಣಗಿಟ್ಟುಕೊಂಡು ನಿಧಾನಕ್ಕೆ ಕರಗುತ್ತವೆ. ಪುಡಿ ಐಸ್ ಮಾತ್ರ ಬೇಡ, ಕುಣಿಯುವ ಜಾಗದ ಸೆಕೆಗೆ ಅದು ನಿಲ್ಲುವುದಿಲ್ಲ.

ಸರಿ, ಏನು ಹೇಳಬೇಕು? ನನ್ನ ಮೊದಲ ಆಯ್ಕೆ ಟಾಮ್ ಕಾಲಿನ್ಸ್. ಜಿನ್ 45 ಮಿ.ಲೀ., ನಿಂಬೆರಸ 20, ಸಕ್ಕರೆ ಪಾಕ 15, ಮೇಲೆ ಸೋಡಾ 90. ವಿದೇಶಿ ಪುಸ್ತಕಗಳಲ್ಲಿ ರಸ 30 ಎಂದಿರುತ್ತದೆ. ಅದು ದಪ್ಪ ಹಳದಿ ನಿಂಬೆಯ ಲೆಕ್ಕ. ನಮ್ಮ ಸಣ್ಣ ನಿಂಬೆಹಣ್ಣು ಅದಕ್ಕಿಂತ ಹುಳಿ, 20 ಸಾಕು. ಒಂದೂವರೆ ಪೆಗ್, ಉದ್ದ ಗ್ಲಾಸು, ನಿಂಬೆ ಶರಬತ್ತಿನ ನೆಂಟ. ಗಡಿಬಿಡಿಯಲ್ಲಿರುವ ಬಾರ್‌ಟೆಂಡರ್ ಕೂಡ ಕೆಡಿಸಲಾರದಷ್ಟು ಸರಳ. ಈ ಕೊನೆಯ ಗುಣ ದೊಡ್ಡದು. ರಾತ್ರಿ ಹನ್ನೊಂದಕ್ಕೆ ಕೌಂಟರ್‌ನಲ್ಲಿ ಮೂವತ್ತು ಕೈ ಚಾಚಿರುವಾಗ ಏಳು ಸಾಮಾನು ಸೇರಿಸುವ ಕಾಕ್‌ಟೇಲ್ ಹೇಳಿದರೆ ಅಳತೆ ತಪ್ಪುವುದು ಖಂಡಿತ.

ಜಿನ್-ಟಾನಿಕ್ ಇನ್ನೂ ಸುಲಭ. ಜಿನ್ 45, ಟಾನಿಕ್ 135, ನಿಂಬೆಯ ಒಂದು ಹೋಳು. ಟಾನಿಕ್‌ನಲ್ಲಿ ಕ್ವಿನೈನ್ ಇರುತ್ತದೆ, ಕಹಿ ಅದರದ್ದೇ. ಕ್ಲಬ್‌ನಲ್ಲಿ ನೇರಳೆ ಬಣ್ಣದ ಯುವಿ ದೀಪ ಹಾಕಿದ್ದರೆ ಗ್ಲಾಸನ್ನು ಅದರ ಕೆಳಗೆ ಹಿಡಿದು ನೋಡಿ: ಕ್ವಿನೈನ್ ಇರುವ ಟಾನಿಕ್ ತಿಳಿನೀಲಿಯಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ನಿಮಗೆ ಕೊಟ್ಟಿರುವುದು ಬರೀ ಸೋಡಾ. ಟಾನಿಕ್‌ನಲ್ಲಿ ಸಕ್ಕರೆಯೂ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕಹಿಯಿದೆ ಎಂದು ಶುಗರ್ ಇದ್ದವರು ಇದನ್ನೇ ಆರಿಸುತ್ತಾರೆ. ಅವರಿಗೆ ಸೋಡಾ ಮೇಲು.

ವಿಸ್ಕಿ ಬಿಡಲಾರದವರಿಗೆ ವಿಸ್ಕಿ ಹೈಬಾಲ್: ವಿಸ್ಕಿ 45, ಫ್ರಿಜ್‌ನಿಂದ ಆಗಷ್ಟೇ ತೆಗೆದ ಸೋಡಾ 135. ಐಸ್ ತುಂಬಿ, ವಿಸ್ಕಿ ಹಾಕಿ, ಸೋಡಾವನ್ನು ಗ್ಲಾಸಿನ ಅಂಚಿಗೆ ನಿಧಾನಕ್ಕೆ ಸುರಿದು, ಚಮಚವನ್ನು ತಳದಿಂದ ಒಂದೇ ಸಲ ಮೇಲೆತ್ತಿದರೆ ಸಾಕು. ಗರಗರ ತಿರುಗಿಸಿದರೆ ಗ್ಯಾಸ್ ಹೋಗಿ ಸಪ್ಪೆ. ಕೌಂಟರ್ ಮೇಲೆ ಮುಚ್ಚಳ ತೆಗೆದಿಟ್ಟ ದೊಡ್ಡ ಸೋಡಾ ಬಾಟಲಿ ಇದ್ದರೆ ‘ಹೊಸದು ಒಡೆದು ಹಾಕಿ’ ಎಂದು ಕೇಳಲು ಸಂಕೋಚ ಬೇಡ. ಇದಕ್ಕೆ ಸಾಮಾನ್ಯ ವಿಸ್ಕಿ ನಡೆಯುತ್ತದೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್‌ನಂಥದನ್ನು ಡಿಜೆ ಗದ್ದಲದಲ್ಲಿ ಕೋಲಾಗೆ ಸುರಿಯುವುದು ಅನ್ಯಾಯ. ಅದಕ್ಕೆ ಬೇರೆ ಸಂಜೆ ಇದೆ.

ರಮ್ ಕುಡಿಯುವವರು ಓಲ್ಡ್ ಮಾಂಕ್-ಕೋಲಾಗೆ ಅರ್ಧ ನಿಂಬೆಹಣ್ಣು ಹಿಂಡಿಸಿಕೊಳ್ಳಿ. ಕೋಲಾದ ಅತಿ ಸಿಹಿ ತಗ್ಗುತ್ತದೆ, ಎರಡನೇ ಗ್ಲಾಸಿಗೆ ಬಾಯಿ ಅಂಟಂಟಾಗುವುದಿಲ್ಲ. ಮಾಸ್ಕೊ ಮ್ಯೂಲ್‌ಗೆ ವೋಡ್ಕಾ 45, ಜಿಂಜರ್ ಬಿಯರ್ 120, ನಿಂಬೆರಸ 10. ಜಿಂಜರ್ ಬಿಯರ್ ಅಂದರೆ ಖಾರವಾದ ಶುಂಠಿ ಪಾನೀಯ, ಬೀರಲ್ಲ. ಅದರ ಬದಲು ಜಿಂಜರ್ ಏಲ್ ಹಾಕಿದರೆ ಶುಂಠಿಯ ಖಾರವೇ ಇಲ್ಲದೆ ಸಪ್ಪೆ ಸಿಹಿ ಉಳಿಯುತ್ತದೆ. ಯಾವುದು ಹಾಕುತ್ತಾರೆ ಎಂದು ಕೇಳಿಯೇ ಹೇಳಿ.

ಮೊಹೀಟೊ ಎಲ್ಲರೂ ಹೇಳುವ ಹೆಸರು, ಅತಿ ಹೆಚ್ಚು ಕೆಡುವುದೂ ಅದೇ. ಸರಿಯಾಗಿ ಮಾಡುವ ಬಗೆ ಹೀಗೆ. ಗ್ಲಾಸಿನ ತಳಕ್ಕೆ ಎಂಟು ಹತ್ತು ಪುದೀನಾ ಎಲೆ, ನಿಂಬೆರಸ 20, ಸಕ್ಕರೆ ಪಾಕ 20 ಹಾಕಿ ಮರದ ಕೋಲಿನಿಂದ ನಾಲ್ಕೈದು ಸಲ ಮೆತ್ತಗೆ ಒತ್ತಬೇಕು. ಎಲೆ ಬಾಡಿ ಬಣ್ಣ ಸ್ವಲ್ಪ ಗಾಢವಾಗಬೇಕು, ಹರಿಯಬಾರದು. ಪುದೀನಾ ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇದೆ, ಅಷ್ಟು ಒತ್ತಡಕ್ಕೆ ಅದು ಬಿಡುತ್ತದೆ. ಚಟ್ನಿಯ ಹಾಗೆ ಜಜ್ಜಿದರೆ ಎಲೆಯೊಳಗಿನ ಹಸಿರು ಕಹಿ ಹೊರಬರುತ್ತದೆ, ಚೂರುಗಳು ಸ್ಟ್ರಾಗೆ ಸಿಕ್ಕಿಕೊಳ್ಳುತ್ತವೆ. ನಿಂಬೆ ಸಿಪ್ಪೆಯನ್ನೂ ಸೇರಿಸಿ ಕುಟ್ಟಿದರೆ ಇನ್ನಷ್ಟು ಕಹಿ. ಆಮೇಲೆ ಬಿಳಿ ರಮ್ 45, ತುಂಬ ಐಸ್, ಚಮಚದಿಂದ ತಳದ ಎಲೆಗಳನ್ನು ಮೇಲಕ್ಕೆ ಎಳೆದು, ಕೊನೆಗೆ ಸೋಡಾ 60. ಕಾಳು ಸಕ್ಕರೆ ಬೇಡ. ತಣ್ಣನೆಯದರಲ್ಲಿ ಅದು ಕರಗದೆ ತಳದಲ್ಲೇ ಕೂರುತ್ತದೆ, ಮೊದಲ ಗುಟುಕು ಹುಳಿ, ಕೊನೆಯದು ಪಾನಕ. ಇಷ್ಟು ಕೆಲಸಕ್ಕೆ ಎರಡು ನಿಮಿಷ ಬೇಕು. ಜನಜಂಗುಳಿಯ ಹೊತ್ತಿನಲ್ಲಿ ಆ ಎರಡು ನಿಮಿಷ ಇರುವುದಿಲ್ಲ, ಬಾಟಲಿಯ ಹಸಿರು ಸಿರಪ್ ಬೀಳುತ್ತದೆ. ಮೊಹೀಟೊ ಬೇಕಾದವರು ಒಂಬತ್ತಕ್ಕೆ ಮುಂಚೆ ಹೇಳಬೇಕು.

ಬಣ್ಣ ಬೇಕೆನ್ನುವವರಿಗೆ ಟಕೀಲಾ ಸನ್‌ರೈಸ್. ಟಕೀಲಾ 45, ಕಿತ್ತಳೆ ರಸ 90, ದಾಳಿಂಬೆ ಪಾಕ 15. ಪಾಕವನ್ನು ಕೊನೆಗೆ ಗ್ಲಾಸಿನ ಒಳಗೋಡೆಗೆ ತಾಗಿಸಿ ಬಿಡಬೇಕು. ಸಕ್ಕರೆಯ ಭಾರಕ್ಕೆ ಅದು ತಳಕ್ಕಿಳಿದು ಕೆಳಗೆ ಕೆಂಪು, ಮೇಲೆ ಹಳದಿ ಆಗುತ್ತದೆ. ಕಲಕಿದರೆ ಎಲ್ಲ ಒಂದೇ ಬಣ್ಣ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಬೆಳೆಯುತ್ತಾರೆ. ಇಲ್ಲಿದ್ದುಕೊಂಡು ಬಾಟಲಿಯ ಕೆಂಪು ಸಿರಪ್ ಕೊಳ್ಳುವುದು ಏಕೆ? 250 ಮಿ.ಲೀ. ದಾಳಿಂಬೆ ರಸಕ್ಕೆ 250 ಗ್ರಾಂ ಸಕ್ಕರೆ, ಸಣ್ಣ ಉರಿಯಲ್ಲಿ ಕರಗುವವರೆಗೆ ಮಾತ್ರ. ಕುದಿಸಿದರೆ ಹಣ್ಣಿನ ತಾಜಾ ರುಚಿ ಹೋಗಿ ಜಾಮಿನ ವಾಸನೆ ಬರುತ್ತದೆ. ಆರಿದ ಮೇಲೆ ಒಂದು ಚಮಚ ನಿಂಬೆರಸ. ಬೀಜ ಸಮೇತ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿದರೆ ಒಗರು. ಎರಡು ಸಲ ಗರ್ ಅನ್ನಿಸಿ ಸೋಸಿಕೊಳ್ಳಿ.

ಶಾಟ್ಸ್ ಬೇಡ. 30 ಮಿ.ಲೀ. ಒಂದೇ ಗುಟುಕಿಗೆ ಇಳಿಯುವುದರಿಂದ ಸಮಯದ ಲೆಕ್ಕವೇ ತಪ್ಪುತ್ತದೆ. ಎನರ್ಜಿ ಡ್ರಿಂಕ್ ಜೊತೆ ವೋಡ್ಕಾ ಅದಕ್ಕಿಂತ ಅಪಾಯ. 250 ಮಿ.ಲೀ. ಕ್ಯಾನಿನಲ್ಲಿ ಸುಮಾರು 75–80 ಮಿ.ಗ್ರಾಂ ಕೆಫೀನ್ ಇರುತ್ತದೆ. ಅದು ನಿದ್ದೆಯನ್ನು ತಡೆಯುತ್ತದೆ, ಅಮಲನ್ನು ಇಳಿಸುವುದಿಲ್ಲ. ‘ಸಾಕು’ ಎಂದು ಮೈ ಹೇಳುವ ಸೂಚನೆ ಮಾತ್ರ ಕೇಳದಂತಾಗುತ್ತದೆ.

ಊರಲ್ಲೇ, ಮಾಳಿಗೆ ಮೇಲೆ ಡಿಜೆ ಇಟ್ಟು ಹತ್ತು ಜನ ಸೇರುವುದಾದರೆ ಗ್ಲಾಸಿಗೊಂದರಂತೆ ಕಲಸುತ್ತ ನಿಲ್ಲಬೇಡಿ. ಸಂಜೆ ಐದಕ್ಕೆ 750 ಮಿ.ಲೀ. ಜಿನ್, 320 ಮಿ.ಲೀ. ನಿಂಬೆರಸ, 240 ಮಿ.ಲೀ. ಸಕ್ಕರೆ ಪಾಕ ಒಂದು ಸ್ಟೀಲ್ ಪಾತ್ರೆಯಲ್ಲಿ ಬೆರೆಸಿ ಫ್ರಿಜ್‌ನಲ್ಲಿಡಿ. ಹದಿನಾರು ಗ್ಲಾಸಿಗೆ ಆಗುತ್ತದೆ, ಗ್ಲಾಸಿಗೆ 80 ಮಿ.ಲೀ.ನಂತೆ ಅಳೆದು ಐಸ್ ಮೇಲೆ ಹಾಕಿ, 90 ಮಿ.ಲೀ. ಸೋಡಾ ಆಗಲೇ ಸೇರಿಸಿ. ಸೋಡಾ ಮೊದಲೇ ಬೆರೆಸಿಟ್ಟರೆ ಗ್ಯಾಸೆಲ್ಲ ಹೋಗಿರುತ್ತದೆ. ಒಂದು ಹದ ನಿಂಬೆಹಣ್ಣಿಗೆ 15–20 ಮಿ.ಲೀ. ರಸ ಬರುತ್ತದೆ, ಇಪ್ಪತ್ತು ಹಣ್ಣು ತನ್ನಿ. ಹಿಂಡುವ ಮುಂಚೆ ಅಂಗೈಯಲ್ಲಿ ಒತ್ತಿ ಉರುಳಿಸಿ. ರಸ ಅವತ್ತೇ ಹಿಂಡಬೇಕು, ಹಿಂದಿನ ದಿನದ್ದು ಕಹಿಯಾಗಿರುತ್ತದೆ. ಪಾಕಕ್ಕೆ ಒಂದು ಲೋಟ ನೀರಿಗೆ ಒಂದು ಲೋಟ ಸಕ್ಕರೆ. ಕಣ್ಣಳತೆಯಲ್ಲಿ ಸುರಿಯಬೇಡಿ, ಔಷಧಿ ಅಂಗಡಿಯಲ್ಲಿ ಸಿಗುವ ಅಳತೆ ಮುಚ್ಚಳವಾದರೂ ಸಾಕು. ಐಸ್ ತಲೆಗೆ ಮುಕ್ಕಾಲು ಕಿಲೋದಂತೆ ಏಳೆಂಟು ಕಿಲೋ ಬೇಕು. ಪ್ಯಾಕೆಟ್ ಐಸ್ ತನ್ನಿ. ಮೀನಿನ ಅಂಗಡಿಗೆ ಹೋಗುವ ಗಡ್ಡೆ ಐಸ್ ಕುಡಿಯಲು ಮಾಡಿದ್ದಲ್ಲ. ಇಷ್ಟಕ್ಕೆ ತಲೆಗೆ ಎರಡೂವರೆ ಸ್ಮಾಲ್ ಬರುತ್ತದೆ, ಒಂದು ರಾತ್ರಿಯ ಕುಣಿತಕ್ಕೆ ಧಾರಾಳ.

ಹೊಟ್ಟೆಯ ವಿಷಯಕ್ಕೆ ಬಂದರೆ ನಮ್ಮ ಊರಿನವರು ಪುಣ್ಯವಂತರು. ಹೊರಡುವ ಒಂದು ಗಂಟೆ ಮುಂಚೆ ಎರಡು ಬೆಣ್ಣೆ ದೋಸೆ ತಿಂದರೆ ಅದಕ್ಕಿಂತ ಒಳ್ಳೆಯ ತಳಪಾಯ ಸಿಗದು. ಕೊಬ್ಬು, ಪಿಷ್ಟ ಎರಡೂ ಹೊಟ್ಟೆ ಖಾಲಿಯಾಗುವುದನ್ನು ತಡ ಮಾಡುತ್ತವೆ. ಆಲ್ಕೋಹಾಲ್ ಬೇಗ ಹೀರಲ್ಪಡುವುದು ಸಣ್ಣಕರುಳಿನಲ್ಲಿ, ಅಲ್ಲಿಗೆ ಅದು ನಿಧಾನಕ್ಕೆ ತಲುಪಿದರೆ ಒಮ್ಮೆಲೇ ಏರುವುದಿಲ್ಲ. ಕುಡಿದಾದ ಮೇಲೆ ತಿಂದರೆ ಈ ಉಪಯೋಗ ಇಲ್ಲ. ಮಂಡಕ್ಕಿ-ಮೆಣಸಿನಕಾಯಿ ನಂಚಿಕೊಳ್ಳಲು ಸೊಗಸು, ಆದರೆ ಉಪ್ಪು ಖಾರ ಬಾಯಾರಿಸುತ್ತವೆ, ಕೈ ತಾನಾಗಿ ಗ್ಲಾಸಿನ ಕಡೆ ಹೋಗುತ್ತದೆ. ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ತಿನ್ನಿ.

ಬೆಂಗಳೂರಿನ ಕ್ಲಬ್‌ಗಳ ಎರಡು ಪದ್ಧತಿ ತಿಳಿದಿರಲಿ. ಕೆಲವು ಕಡೆ ಪ್ರವೇಶಕ್ಕೆ ಕೊಟ್ಟ ದುಡ್ಡನ್ನು ಒಳಗೆ ಖರ್ಚು ಮಾಡಬಹುದು. ಅದನ್ನು ತೀರಿಸಲೆಂದೇ ಕುಡಿಯಬೇಡಿ, ಊಟ ಮತ್ತು ನೀರಿನ ಬಾಟಲಿಗೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಒಂದಕ್ಕೊಂದು ಉಚಿತ ಎಂದಿದ್ದರೆ ಎರಡೂ ಒಟ್ಟಿಗೇ ಬರುತ್ತವೆ. ಎರಡನೆಯದನ್ನು ಆಮೇಲೆ ಕೊಡಿ ಎಂದು ಹೇಳಿ, ಇಲ್ಲದಿದ್ದರೆ ಅದರ ಐಸ್ ಕರಗುತ್ತದೆಂಬ ಆತುರಕ್ಕೆ ಮೊದಲನೆಯದು ಬೇಗ ಮುಗಿಯುತ್ತದೆ. ಕೊನೇ ಆರ್ಡರ್ ಎಂದು ಕೂಗಿದಾಗ ಎರಡೆರಡು ಹೇಳುವವರು ಮಾಡುವ ತಪ್ಪೂ ಇದೇ. ಗ್ಲಾಸನ್ನು ಟೇಬಲ್ ಮೇಲೆ ಬಿಟ್ಟು ಕುಣಿಯಲು ಹೋದರೆ ವಾಪಸ್ ಬಂದು ಅದನ್ನು ಮುಟ್ಟಬೇಡಿ, ಯಾರಾದರೂ ಏನಾದರೂ ಬೆರೆಸಿರಬಹುದು; ಚೆಲ್ಲಿ ಹೊಸದು ತೆಗೆದುಕೊಳ್ಳಿ. ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಎಲ್ಲರಿಗೂ ಈ ಮಾತು.

ಒಂದು ಗಂಟೆಗೆ ಒಂದಕ್ಕಿಂತ ಹೆಚ್ಚು ಬೇಡ, ಎರಡರ ನಡುವೆ ಒಂದು ದೊಡ್ಡ ಲೋಟ ನೀರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಕುಣಿತ, ಮದ್ಯ ಎರಡೂ ಸೇರಿ ಶುಗರ್ ಇಳಿಯಬಹುದು, ಆ ತಲೆಸುತ್ತನ್ನು ಸುತ್ತಲಿನವರು ಅಮಲು ಅಂದುಕೊಳ್ಳುತ್ತಾರೆ. ನೆಗಡಿ ಮಾತ್ರೆ, ನಿದ್ದೆ ಮಾತ್ರೆ, ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ನುಂಗಿದ ದಿನ ಕುಡಿಯಲೇಬೇಡಿ. ಯಾರಾದರೂ ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ಮಲಗಿದ್ದರೆ ‘ಮಲಗಲಿ ಬಿಡು’ ಎಂದು ಬಿಡಬಾರದು. ಅಂಗಾತ ಇದ್ದರೆ ಪಕ್ಕಕ್ಕೆ ತಿರುಗಿಸಿ, 108ಕ್ಕೆ ಕರೆ ಮಾಡಿ, ಒಬ್ಬರು ಜೊತೆಗೇ ಇರಿ. ವಾಂತಿ ಗಂಟಲಿಗೆ ಸಿಕ್ಕಿಕೊಂಡು ಜೀವ ಹೋಗಬಹುದು. ನಮ್ಮದು ಕಾಲೇಜು ಹುಡುಗರ ಊರು, ಅವರಿಗೊಂದು ಮಾತು: ಕರ್ನಾಟಕದಲ್ಲಿ ಕುಡಿಯುವ ವಯಸ್ಸು 21.

ಗಾಡಿ ಓಡಿಸುವವರು ಆ ರಾತ್ರಿ ಒಂದೂ ಕುಡಿಯಬಾರದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜ್ ಹಾಕಿದರೆ ಅದು ದಾಟಿರುತ್ತದೆ, ಕಡಿಮೆ ತೂಕದ ಹೆಂಗಸಿಗೆ ಒಂದು ಸ್ಮಾಲೇ ಸಾಕು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜನ ಮರೆಯುವುದು ಮಾರನೇ ಬೆಳಗನ್ನು. ಅದೇ 60 ಕಿಲೋದ ಗಂಡಸು ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಆರು ಸ್ಮಾಲ್ ಕುಡಿದಿದ್ದರೆ ಮಿತಿಯೊಳಗೆ ಬರುವುದು ಬೆಳಗಿನ ಐದರ ಸುಮಾರಿಗೆ, ಪೂರ್ತಿ ಇಳಿಯುವುದು ಏಳಕ್ಕೆ. ನಿಧಾನಕ್ಕೆ ಕರಗುವ ಮೈಯಾದರೆ ಇನ್ನೂ ತಡ. ನಾಲ್ಕಕ್ಕೆ ಎದ್ದು ಕಾಫಿ ಕುಡಿದು ಊರಿನ ಹೆದ್ದಾರಿ ಹಿಡಿಯುವ ಲೆಕ್ಕ ಇದ್ದವರು ರಾತ್ರಿ ಎರಡು ಕಾಲಿನ್ಸ್‌ಗೆ ನಿಲ್ಲಿಸಬೇಕು. ಆರು ಬೇಕೇ ಬೇಕು ಅನ್ನುವವರು ಮಧ್ಯಾಹ್ನದ ರೈಲಿಗೆ ಟಿಕೆಟ್ ಮಾಡಿಸಿಕೊಂಡೇ ಹೋಗಿ.